ಸಿಡಿಲು ಮೇಸ್ತ್ರಿಯ ಹತ್ತಿ ಅಂಗಿ

ಸಿಡಿಲು ಮೇಸ್ತ್ರಿಯನ್ನು ನಾನು ಮೊದಲು ಕಂಡ ದಿನ ಅವನು ಒಬ್ಬನ ಹಲ್ಲು ಉದುರಿಸಿದ.

ಗಂಡ ಹೋದ ಮೇಲೆ ಹಾಸಿಗೆ, ದಿಂಬು, ರಜಾಯಿ ಹೊಲಿದು ಹೊಟ್ಟೆ ಹೊರೆದವಳು ನಾನು. ಬೂಟಿನ ಕಾರ್ಖಾನೆಯವರು ಹೆಂಗಸರು ಕೂರುವ ಸ್ಟೂಲುಗಳಿಗೆ ದಿಂಬು ಬೇಕೆಂದರು. ಹೊಲಿದ ದಿಂಬುಗಳ ಗಂಟನ್ನು ತಲೆಯ ಮೇಲಿಟ್ಟುಕೊಂಡು ತೊಗಲು ಕತ್ತರಿಸುವ ಶೆಡ್ಡಿನ ಬಾಗಿಲಿಗೆ ಹೋದೆ. ಒಳಗೆ ಮೆಷಿನ್ನುಗಳು ಓಡುತ್ತಿದ್ದವು, ಮನುಷ್ಯರು ಮಾತ್ರ ನಿಂತಿದ್ದರು. ನಡುವೆ ಒಬ್ಬ ಗಟ್ಟಿಮುಟ್ಟಾದ ಗಂಡಸು ಕೈಯಲ್ಲಿ ಅಚ್ಚು ಹಿಡಿದಿದ್ದ. ಅಚ್ಚು ಎಂದರೆ ಪಾದದ ಆಕಾರಕ್ಕೆ ಕಡೆದ ಮರದ ತುಂಡು. ತೊಗಲನ್ನು ಅದರ ಮೇಲೆ ಬಿಗಿಯಾಗಿ ಎಳೆದು ಬೂಟು ಮಾಡುತ್ತಾರೆ. ಅವನ ಮುಂದೆ ಕತ್ತರಿಸುವವನೊಬ್ಬ ತಲೆ ತಗ್ಗಿಸಿ ನಿಂತಿದ್ದ. ಉದ್ದಕ್ಕೆ ಕತ್ತರಿಸಬೇಕಾದ ತೊಗಲನ್ನು ಅಡ್ಡಕ್ಕೆ ಕತ್ತರಿಸಿ ಕೆಡಿಸಿದ್ದನಂತೆ.

"ತಲೆ ಎತ್ತು," ಎಂದ ಮೇಸ್ತ್ರಿ.

ಅವನು ಎತ್ತಿದ. ಅಚ್ಚಿನ ಹಿಮ್ಮಡಿ ಅವನ ಬಾಯಿಗೆ ಬಿತ್ತು. ಒಣಕಡ್ಡಿ ಮುರಿದ ಹಾಗೆ ಸದ್ದಾಯಿತು. ರಕ್ತ ಗಲ್ಲದಿಂದ ಅಂಗಿಗೆ ಇಳಿದು, ಅಂಗಿಯಿಂದ ಮೇಜಿನ ಮೇಲೆ ತೊಟ್ಟಿಕ್ಕಿತು. ಮೇಸ್ತ್ರಿ ಮೊದಲು ತೊಗಲನ್ನು ಪಕ್ಕಕ್ಕೆ ಎಳೆದಿಟ್ಟ. ಆಮೇಲೆ ಬಗ್ಗಿ ನೆಲದಲ್ಲಿ ತಡಕಾಡಿ ಹಲ್ಲನ್ನು ಹುಡುಕಿದ. ಅದನ್ನು ಉಫ್ ಎಂದು ಊದಿ ಅವನ ಅಂಗೈಯಲ್ಲಿಟ್ಟ.

"ತಗೋ. ಇದು ನಿಂದು. ಕಂಪನಿ ಸಾಮಾನಲ್ಲ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಮೇಸ್ತ್ರಿ ನನ್ನ ಕಡೆ ತಿರುಗಿ ಅದೇ ಕೈಯಿಂದ ದಿಂಬನ್ನು ಒತ್ತಿ ನೋಡಿದ.

"ಎಲ್ಲೂ ಗಂಟು ಕಟ್ಟಿಲ್ಲ. ಹತ್ತಿ ಒಂದೇ ಸಮ ಇದೆ. ಒಳ್ಳೇ ಕೈ ಅಕ್ಕ ನಿಮ್ದು."

ದಿಂಬಿನ ಮೇಲೆ ಅವನ ಬೆರಳು ಕೆಂಪಗೆ ಮೂಡಿತ್ತು. ಅದೊಂದನ್ನು ವಾಪಸ್ ತಂದು ಒಗೆದು ಕೊಟ್ಟೆ.

ಸಿಡಿಲು ಎನ್ನುವುದು ಕಾರ್ಖಾನೆಯವರು ಇಟ್ಟ ಹೆಸರು. ಸಿಡಿಲಿಗಾದರೂ ಮೊದಲು ಮಿಂಚು ಕಾಣಿಸುತ್ತದೆ, ಇವನಿಗೆ ಅದೂ ಇಲ್ಲ ಎನ್ನುತ್ತಿದ್ದರು. ಅವನು ಕೆಲಸ ಕಲಿತದ್ದು ಏಟು ತಿಂದೇ. ಚಿಕ್ಕಂದಿನಲ್ಲಿ ಒಬ್ಬ ಮುದುಕ ಚಮ್ಮಾರನ ಕೈಕೆಳಗಿದ್ದನಂತೆ. ಹೊಲಿಗೆ ಸೊಟ್ಟಗಾದರೆ ಆ ಮುದುಕ ಮೊಣಕೈಯ ಮೂಳೆಗೆ ದಬ್ಬಳದ ಹಿಡಿಯಿಂದ ಕುಟ್ಟುತ್ತಿದ್ದನಂತೆ. ಮೇಸ್ತ್ರಿಯ ಎಡಗೈ ಕೊನೆಯವರೆಗೂ ಪೂರ್ತಿ ನೆಟ್ಟಗಾಗಲಿಲ್ಲ. ಆದರೆ ಕಣ್ಣು ಮುಚ್ಚಿ ತೊಗಲು ಮುಟ್ಟಿದರೆ ಎಷ್ಟು ದಪ್ಪ, ಯಾವ ಭಾಗದ್ದು ಎಂದು ಹೇಳುತ್ತಿದ್ದ. ಮನೆಯಲ್ಲಿ ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಈ ಮಾತನ್ನು ಹೆಂಡತಿಯೇ ನನಗೆ ಹೇಳಿದ್ದಳು. ಯಾಕೆ ಎಂದು ಅವನನ್ನೇ ಕೇಳಿದ್ದೆ.

"ಮನೇಲಿ ಯಾಕಕ್ಕ ಹೊಡೀಲಿ? ಮನೇಲೇನು ಮಾಲು ತಯಾರಾಗುತ್ತಾ?" ಎಂದಿದ್ದ.

ನನ್ನ ತಮ್ಮನ ಮಗಳು ಅದೇ ಕಾರ್ಖಾನೆಗೆ ಸೇರಿ ನನ್ನ ಮನೆಯಲ್ಲೇ ಉಳಿದುಕೊಂಡಳು. ಬೂಟಿನ ತಳಕ್ಕೆ ಕೂರಿಸುವ ಅಟ್ಟೆಗೆ ಅಂಟು ಹಚ್ಚುವ ಕೆಲಸ. ಅಂಟು ಹಚ್ಚಿದ ತಕ್ಷಣ ಅಟ್ಟೆಯನ್ನು ಕೂರಿಸಬಾರದು. ಸ್ವಲ್ಪ ಹೊತ್ತು ಬಿಡಬೇಕು. ಬೆರಳಿನ ಬೆನ್ನಿನಿಂದ ಹಗುರಾಗಿ ಮುಟ್ಟಿ ನೋಡಬೇಕು. ಬೆರಳಿಗೆ ಅಂಟದಿದ್ದರೆ ಒಣಗಿದೆ ಎಂದು ಅರ್ಥ, ಆಗ ಒತ್ತಬೇಕು. ಹಸಿಯಲ್ಲೇ ಒತ್ತಿದರೆ ಅಟ್ಟೆ ಬಾಯಿ ಬಿಡುತ್ತದೆ. ಒಂದು ದಿನ ಮಾಲು ಹೋಗುವ ಅವಸರದಲ್ಲಿ ಇವಳು ಮುಟ್ಟಿ ನೋಡದೆ ಒತ್ತಿದಳು. ಬುಟ್ಟಿ ತುಂಬ ಬೂಟು ಬಾಯಿ ಬಿಟ್ಟಿತು.

"ಒಣಗಿದೆಯಾ ನೋಡಿದ್ಯಾ?" ಎಂದನಂತೆ ಮೇಸ್ತ್ರಿ.

ಇವಳು ಬಾಯಿ ತೆರೆಯುವುದರೊಳಗೆ ಬಿಚ್ಚಿದ ಅಂಗೈ ಎಡಗಿವಿಯ ಮೇಲೆ ಬಿತ್ತು. ಸ್ಟೂಲಿನಿಂದ ಉರುಳಿದಳು. ಅಂಟಿನ ಡಬ್ಬಿ ಮೈಮೇಲೆ ಚೆಲ್ಲಿತು. ಮನೆಗೆ ಬಂದಾಗ ಕಿವಿಯಿಂದ ಇಳಿದ ರಕ್ತಕ್ಕೆ ಅಂಟು ಬೆರೆತು ಕೂದಲು ಕುತ್ತಿಗೆಗೆ ಕಚ್ಚಿಕೊಂಡಿತ್ತು. ಕತ್ತರಿಯಿಂದ ಕೂದಲನ್ನು ಒಂದೊಂದೇ ಎಳೆಯಾಗಿ ಬಿಡಿಸಿದೆ. ಅವಳು ಅಳಲಿಲ್ಲ. "ಅತ್ತೆ, ಯಾಕೆ ಮೆತ್ತಗೆ ಮಾತಾಡ್ತಿದ್ದೀಯ?" ಎಂದು ಮತ್ತೆ ಮತ್ತೆ ಕೇಳಿದಳು. ನಾನು ಎಂದಿನಂತೆಯೇ ಮಾತಾಡುತ್ತಿದ್ದೆ. ಆ ಕಿವಿ ಮತ್ತೆ ಬರಲಿಲ್ಲ.

ಊರಿಗೆ ಕಳಿಸುತ್ತೇನೆ ಎಂದೆ. "ಓಡಿ ಹೋದ್ರೆ ಕಿವಿ ಬರುತ್ತಾ?" ಎಂದು ಮರುದಿನದಿಂದಲೇ ಕೆಲಸಕ್ಕೆ ಹೋದಳು. ಮೇಸ್ತ್ರಿ ಅವಳ ಕಡೆ ನೋಡದೆ ಓಡಾಡಿದ.

ಬೂಟು ಕೊಳ್ಳುವ ಪರದೇಶದ ಕಂಪನಿಯವರು ಶೆಡ್ಡು ನೋಡಲು ಬಂದಾಗ, ಮಾತಾಡಿಸಿದಾಗಲೆಲ್ಲ ಈ ಹುಡುಗಿ ತಲೆ ತಿರುಗಿಸಿ ಬಲಗಿವಿ ಕೊಡುವುದನ್ನು ಕಂಡರು. ಯಾಕೆ ಎಂದು ಕೇಳಿದರು. ಅವಳು ಹೇಳಲಿಲ್ಲ. ಹಲ್ಲು ಉದುರಿದ್ದ ಕತ್ತರಿಯವನು ಹೇಳಿದ. ಹೊಡೆದು ಮಾಡಿಸಿದ ಬೂಟು ನಮಗೆ ಬೇಡ, ಮೊದಲು ಕೆಲಸಗಾರರ ಕ್ಷೇಮ ನೋಡಿ ಎಂದು ಅವರು ಹೇಳಿ ಹೋದರು.

ಮಾಲೀಕರು ಕ್ಷೇಮ ನೋಡಿದರು. ಹಳೇ ತೊಗಲಿನ ಗೋದಾಮಿಗೆ ತಿಳಿ ನೀಲಿ ಬಣ್ಣ ಹೊಡೆಸಿದರು. ಚಾಪೆ, ತೂಕದ ಯಂತ್ರ, ಗೋಡೆಯ ಮೇಲೆ ನಗುವ ಮುಖಗಳ ಚಿತ್ರ. ಒಬ್ಬ ಮೇಡಂ ಬಂದರು. ವೆಲ್‌ನೆಸ್ ಮೇಡಂ ಎಂದು ಅವರ ಹೆಸರು. ನಾಲಗೆ ಹೊರಳದವರು ಕ್ಷೇಮದ ಮೇಡಂ ಎಂದರು. ವಯಸ್ಸು ಚಿಕ್ಕದು, ಮನಸ್ಸು ಒಳ್ಳೆಯದು. ಉಸಿರು ಎಳೆದು ಬಿಡುವುದನ್ನು ಕಲಿಸಿದರು. ಕಣ್ಣಿನ ಡಾಕ್ಟರನ್ನು ಕರೆಸಿದರು. ಕೋಣೆಯ ನಡುವೆ ಸರಪಳಿಯಲ್ಲಿ ಮರಳಿನ ಮೂಟೆ ತೂಗುಹಾಕಿ, ಗುದ್ದಿ ಎಂದರು.

"ಒಳಗಿರೋ ಸಿಟ್ಟು ಹೊರಗೆ ಬರಬೇಕು. ಇಲ್ಲಾಂದ್ರೆ ಅದೇ ಕಾಯಿಲೆ ಆಗುತ್ತೆ."

"ಸಂಬಳ ಹೊರಗೆ ಬರಲಿ ಮೇಡಂ, ಸಿಟ್ಟು ತಾನೇ ಮನೆಗೆ ಹೋಗುತ್ತೆ," ಎಂದಳು ಮೊಳೆ ಹೊಡೆಯುವ ಹೆಂಗಸು. ಎಲ್ಲರೂ ನಕ್ಕರು. ನಕ್ಕು ಗುದ್ದಿದರು. ದಿನವಿಡೀ ಸುತ್ತಿಗೆ ಹಿಡಿಯುವ ಕೈಗಳು. ಒಂದು ವಾರದೊಳಗೆ ಮೂಟೆ ಹರಿದು ಮರಳು ನೆಲಕ್ಕೆ ಸುರಿಯಿತು. ಇನ್ನೊಂದು ತರಿಸಿದರು. ಅದೂ ಹರಿಯಿತು.

ಆ ವೇಳೆಗೆ ಮೇಸ್ತ್ರಿಯನ್ನು ಶೆಡ್ಡಿನಿಂದ ತೆಗೆದಿದ್ದರು. ಆಫೀಸಿನ ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದ. ಮಾಲೀಕರು ಹರಿದ ಮೂಟೆಯನ್ನು ನೋಡಿದರು, ಬೆಂಚನ್ನು ನೋಡಿದರು. "ಮೂಟೆ ಯಾಕೆ ದುಡ್ಡು ಕೊಟ್ಟು ತರಬೇಕು? ಇಲ್ಲೇ ಒಂದು ಕೂತಿದೆಯಲ್ಲ," ಎಂದರು. ತಮಾಷೆ ಎಂದು ಮೇಡಂ ನಕ್ಕರಂತೆ. ತಮಾಷೆಯಲ್ಲ ಎಂದು ತಿಳಿದಾಗ ಬೇಡ ಎಂದರಂತೆ. ಗಟ್ಟಿ ಮೂಟೆ ಬರುವವರೆಗೆ ಮಾತ್ರ, ದಪ್ಪ ಹತ್ತಿ ಅಂಗಿ ಹಾಕಿಸಿದರಾಯಿತು, ಅವನೂ ಒಪ್ಪಿದ್ದಾನೆ ಎಂದರು ಮಾಲೀಕರು. ಹೀಗೆ ಅವನು ನನ್ನ ಮನೆಗೆ ಅಳತೆ ಕೊಡಲು ಬಂದ.

ಎದೆಯ ಸುತ್ತ ದಾರ ಹಿಡಿದೆ. ಉಸಿರು ಎಳೆದುಕೊಂಡು ನಿಂತ.

"ಯಾಕೆ ಒಪ್ಪಿದ್ರಿ?" ಎಂದೆ.

"ಗೇಟಿನ ಹೊರಗೆ ಹಾಕ್ತೀವಿ ಅಂದ್ರು. ಹೊರಗೆ ಹೋದ್ರೂ ಈ ಶೆಡ್ಡಿನವರೇ ಹೊಡೀತಾರೆ ಅಕ್ಕ. ಅಲ್ಲಾದ್ರೆ ಹತ್ತಿ ಇರಲ್ಲ."

"ಮಾಡಿದ್ದುಣ್ಣೋ ಮಹರಾಯ."

"ನಾನು ಹೊಡೆದಿದ್ದು ಯಾರಿಗೋಸ್ಕರ? ಮಾಲೀಕರು ಒಂದು ದಿನವಾದ್ರೂ ಕೈ ಎತ್ತಿದಾರಾ? ಅವರ ಕೈ ನಾನೇ ಆಗಿದ್ದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ."

"ಕೈ ಅವರದ್ದೇ ಇರಬಹುದು. ನನ್ನ ಹುಡುಗಿಗೆ ಬಿದ್ದ ಏಟು ನಿಂದು," ಎಂದೆ. ಅಲ್ಲಿಂದ ಮುಂದೆ ಅವನಿಗೆ ಬಹುವಚನ ಹಚ್ಚಲಿಲ್ಲ. ಅವನೂ ಬಯಸಲಿಲ್ಲ.

ಹುಡುಗಿ ಒಳಗಿನಿಂದ ಬಂದು ನೆಲದ ಮೇಲೆ ಹರಡಿದ್ದ ಬಟ್ಟೆ ನೋಡಿದಳು. ಅವನು ಹೋದ ಮೇಲೆ ಕೇಳಿದಳು.

"ಅವನಿಗೆ ಹೊಲೀತೀಯಾ ಅತ್ತೆ?"

"ಹೊಲೀತೀನಿ."

"ದಪ್ಪಗೆ ಹೊಲಿ. ಬೇಗ ಸತ್ತರೆ ಏನು ಬಂತು?"

ಎರಡು ಪದರ ಒರಟು ಬಟ್ಟೆಯ ನಡುವೆ ಹತ್ತಿ ತುಂಬಿ, ಅಡ್ಡ ಉದ್ದ ದಾರ ಎಳೆದು ಚೌಕ ಚೌಕವಾಗಿ ಹೊಲಿದೆ. ಚೌಕ ಹೊಲಿಯದಿದ್ದರೆ ಏಟಿಗೆ ಹತ್ತಿ ಕೆಳಗೆ ಜಾರಿ ಎದೆ ಬರಿದಾಗುತ್ತದೆ. ಹೊಲಿಯುತ್ತಿರುವಾಗಲೇ ಜನ ಒಬ್ಬೊಬ್ಬರಾಗಿ ಬಂದರು. "ಅಜ್ಜಿ, ಬಲ ಪಕ್ಕೇಲಿ ಸ್ವಲ್ಪ ಕಡಿಮೆ ತುಂಬಿ," ಎಂದ ಒಬ್ಬ. "ಹೊಟ್ಟೆ ಹತ್ರ ಒಂದು ಚೌಕ ಖಾಲಿ ಬಿಡಮ್ಮ, ನಿನಗೆ ಪುಣ್ಯ ಬರುತ್ತೆ," ಎಂದಳು ಮೊಳೆ ಹೊಡೆಯುವವಳು. "ನಿಮ್ಮ ಬೂಟಿನ ಅಟ್ಟೆ ನೀವು ನೋಡ್ಕೊಳ್ಳಿ, ನನ್ನ ಹತ್ತಿ ನಾನು ನೋಡ್ಕೊಳ್ತೀನಿ," ಎಂದು ಎಲ್ಲರನ್ನೂ ಕಳಿಸಿದೆ. ಎಲ್ಲ ಚೌಕಗಳೂ ಒಂದೇ ಸಮ ತುಂಬಿದವು.

ಅಂಗಿ ಹರಿದಲ್ಲಿ ಆಗಿಂದಾಗಲೇ ಹೊಲಿಯಬೇಕೆಂದು ಮೇಡಂ ನೀಲಿ ಕೋಣೆಯ ಮೂಲೆಯಲ್ಲಿ ನನಗೊಂದು ಸ್ಟೂಲು ಕೊಟ್ಟರು. ಹಾಗಾಗಿ ಎಲ್ಲವನ್ನೂ ಕಣ್ಣಾರೆ ಕಂಡೆ.

ನಿಯಮ ಇತ್ತು. ಮುಖಕ್ಕೆ ಹೊಡೆಯಬಾರದು, ಸೊಂಟದ ಕೆಳಗೆ ಹೊಡೆಯಬಾರದು, ಕೈಯಲ್ಲಿ ಏನೂ ಹಿಡಿದಿರಬಾರದು. ಒಂದೊಂದು ಶೆಡ್ಡಿಗೆ ವಾರಕ್ಕೊಂದು ಸರದಿ. ಮೊದಲ ದಿನ ಜನ ನಾಚಿದರು. ಒಬ್ಬ ಮುಂದೆ ಹೋಗಿ ಹಗುರಾಗಿ ತಟ್ಟಿ ವಾಪಸ್ ಬಂದ. ಇನ್ನೊಬ್ಬ ಸ್ವಲ್ಪ ಜೋರಾಗಿ. ಮೂರನೆಯವನು ಗುದ್ದಿದಾಗ ಮೇಸ್ತ್ರಿಯ ಬಾಯಿಂದ ಹಾ ಎಂದು ಗಾಳಿ ಬಂತು. ಆ ಸದ್ದು ಕೇಳಿದ್ದೇ ತಡ, ಕೋಣೆಯೇ ಬದಲಾಯಿತು. ಸಾಲು ಮುರಿದು ಮುನ್ನುಗ್ಗಿದರು. ಮೊಳೆ ಹೊಡೆಯುವವಳು ಎರಡೂ ಮುಷ್ಟಿ ಕಟ್ಟಿ ಹಿಟ್ಟು ನಾದುವ ಹಾಗೆ ಅವನ ಎದೆಯನ್ನು ಗುದ್ದಿದಳು. ಒಂದೊಂದು ಗುದ್ದಿಗೂ ಒಂದೊಂದು ಕಾರಣ ಹೇಳಿದಳು: "ಇದು ಬಸುರಿಯಾಗಿದ್ದಾಗ ದಿನವಿಡೀ ನಿಲ್ಲಿಸಿದ್ದಕ್ಕೆ. ಇದು ಜಡೆ ಹಿಡಿದು ಎಳೆದಿದ್ದಕ್ಕೆ. ಇದು ನನ್ನ ಅವ್ವನ್ನ ಬೈದಿದ್ದಕ್ಕೆ." ಕೊನೆಗೆ ಕಾರಣ ಮುಗಿದರೂ ಕೈ ನಿಲ್ಲಲಿಲ್ಲ. ಮೇಡಂ ಸೀಟಿ ಊದಿದರು. ಯಾರೂ ಕೇಳಲಿಲ್ಲ.

ಕತ್ತರಿಯವನು ತನ್ನ ಸರದಿಯಲ್ಲಿ ಅಂಗಿಯ ತೋಳಿನೊಳಗೆ ಅಚ್ಚು ಬಚ್ಚಿಟ್ಟುಕೊಂಡು ಬಂದ. ಎಡ ಪಕ್ಕೆಗೆ ಬೀಸಿದ. ಹತ್ತಿಯೊಳಗಿಂದಲೂ ಮೂಳೆ ಮುರಿದದ್ದು ನನ್ನ ಸ್ಟೂಲಿನವರೆಗೆ ಕೇಳಿಸಿತು. ಮೇಸ್ತ್ರಿ ಗೋಡೆ ಹಿಡಿದು ನಿಂತ. ಮುಖ ಬಿಳಿಚಿತ್ತು. ಉಸಿರು ಸಿಕ್ಕ ಮೇಲೆ ಹೇಳಿದ:

"ಅದು ಹೆಂಗಸರ ಆರನೇ ನಂಬರು. ಬಲಗಾಲಿಂದು. ಹೋಗುವಾಗ ಜಾಗದಲ್ಲಿ ಇಟ್ಟು ಹೋಗು, ಜೊತೆ ತಪ್ಪಿದ್ರೆ ಬೆಳಿಗ್ಗೆ ಹುಡುಕಾಡ್ತಾರೆ."

ಕತ್ತರಿಯವನು ತೋಳಿನಿಂದ ಅಚ್ಚು ತೆಗೆದು ನೋಡಿದ. ಆರನೇ ನಂಬರೇ. ಹಲ್ಲು ಉದುರಿದ ಬಾಯಿ ಬಿಟ್ಟು ನಕ್ಕ. ಮೇಸ್ತ್ರಿಯೂ ಪಕ್ಕೆ ಹಿಡಿದುಕೊಂಡು ನಕ್ಕ. ಅವತ್ತು ಸಂಜೆ ಗೇಟಿನ ಹತ್ತಿರ ಅವರಿಬ್ಬರು ಒಂದೇ ಬೆಂಕಿಕಡ್ಡಿಯಲ್ಲಿ ಸಿಗರೇಟು ಹಚ್ಚಿಕೊಂಡದ್ದನ್ನು ನಾನೇ ನೋಡಿದೆ.

ಅಲ್ಲಿಂದ ಹಾಗೇ ನಡೆಯಿತು. ಹೊಡೆದವರು ಅವನನ್ನು ಮಾತಾಡಿಸತೊಡಗಿದರು. ಸಿಡಿಲು ಹೋಗಿ ಮೂಟೆ ಎಂದಾಯಿತು ಹೆಸರು. ಹಾಗೆ ಕರೆದರೆ ಓಗೊಡುತ್ತಿದ್ದ. ಮಾಲು ಮೊದಲಿಗಿಂತ ಹೆಚ್ಚು ತಯಾರಾಗುತ್ತಿದೆ ಎಂದು ಮಾಲೀಕರು ಮೇಡಂಗೆ ಹೂವಿನ ಗುಚ್ಛ ಕೊಟ್ಟರು. ಮೇಡಂ ಅದನ್ನು ನನ್ನ ಸ್ಟೂಲಿನ ಪಕ್ಕ ಇಟ್ಟು ಮರೆತು ಹೋದರು. ಇದನ್ನೆಲ್ಲ ನೋಡಿ ಅವರಿಗೆ ಊಟ ಸೇರುತ್ತಿರಲಿಲ್ಲ ಎಂದು ಕಾಣುತ್ತದೆ.

ಹೊಡೆಯದೆ ಉಳಿದವಳು ನನ್ನ ಹುಡುಗಿ ಒಬ್ಬಳೇ.

ಅಂಟಿನ ಶೆಡ್ಡಿನ ಸರದಿ ಬಂದಾಗ ಅವಳೂ ಬರುತ್ತಿದ್ದಳು. ಬರಲೇಬೇಕೆಂದು ಕಂಪನಿಯ ಅಪ್ಪಣೆ. ಕೈ ಇಳಿಬಿಟ್ಟುಕೊಂಡು ಅವನೆದುರು ನಿಲ್ಲುತ್ತಿದ್ದಳು. ಅವನ ಮುಖವನ್ನೇ ನೋಡುತ್ತಿದ್ದಳು. ಸರದಿಯ ಹೊತ್ತು ಮುಗಿದರೆ ಹೋಗುತ್ತಿದ್ದಳು.

"ಒಂದು ಸಲ ಹೊಡೀಮ್ಮ, ಮನಸ್ಸು ಹಗುರಾಗುತ್ತೆ," ಎಂದರು ಮೇಡಂ.

"ನನಗೇನು ಭಾರ ಇಲ್ಲ ಮೇಡಂ."

ಕತ್ತರಿಯವನ ಅಚ್ಚಿಗೆ ಜಗ್ಗದವನು ಅವಳೆದುರು ಬೆವರುತ್ತಿದ್ದ. ಹತ್ತಿ ಒಳಗಿನಿಂದ ಒದ್ದೆಯಾಗುತ್ತಿತ್ತು; ಹೊಲಿಯಲು ಕೈಗೆ ತೆಗೆದುಕೊಂಡಾಗ ಗೊತ್ತಾಗುತ್ತಿತ್ತು. ಒಂದು ಸರದಿಯಲ್ಲಿ ತಡೆಯಲಾರದೆ ಕೂಗಿದ.

"ಹೊಡಿಯೇ! ಕೈ ಬಿದ್ದು ಹೋಗಿದೆಯಾ? ಎಲ್ರೂ ಹೊಡೆದ್ರು, ನಿನಗೇನು ದೊಡ್ಡಸ್ತಿಕೆ? ಹೊಡೀತೀಯೋ ಇಲ್ವೋ?"

ಹುಡುಗಿ ಎಡಗಿವಿ ಮುಟ್ಟಿ ತೋರಿಸಿದಳು. "ಈ ಕಡೆ ಕೇಳಿಸಲ್ಲ."

ಅವನು ಕೈ ಎತ್ತಿದ. ಹಳೇ ಅಭ್ಯಾಸ. ಅವಳು ಕಣ್ಣು ಮಿಟುಕಿಸದೆ ನಿಂತಳು. ಎತ್ತಿದ ಕೈಯಿಂದ ಅವನು ತನ್ನ ಮುಖಕ್ಕೇ ಹೊಡೆದುಕೊಂಡ; ಒಂದಲ್ಲ, ಮೂಗಿನಿಂದ ರಕ್ತ ಬರುವವರೆಗೆ. ಮೇಡಂ ಓಡಿಬಂದು ಆ ಕೈಗೆ ಜೋತುಬಿದ್ದರು. ಹುಡುಗಿಯ ಸರದಿ ಅಷ್ಟರಲ್ಲಿ ಮುಗಿದಿತ್ತು. ಹೋದಳು.

ಅವತ್ತು ಅವನು ನನ್ನ ಮನೆಯ ಜಗುಲಿಗೆ ಬಂದು ಕೂತ. ಕೂರುವುದಕ್ಕೇ ಗೋಡೆ ಬೇಕಾಗಿತ್ತು. ಒಂದಕ್ಕೆ ಹೋದರೆ ಕೆಂಪಗೆ ಹೋಗುತ್ತದೆ ಎಂದು ಹೆಂಡತಿ ನನ್ನ ಹತ್ತಿರ ಹೇಳಿದ್ದಳು.

"ನೀವೊಂದು ಮಾತು ಹೇಳಿ ಅಕ್ಕ ಅವಳಿಗೆ. ಎಲ್ಲರದ್ದೂ ಮುಗೀತು. ಎಲ್ಲರ ಕಣ್ಣಲ್ಲಿ ಕಣ್ಣಿಟ್ಟು ನೋಡ್ತೀನಿ ಈಗ. ಇವಳೊಬ್ಬಳು ಹೊಡೆದುಬಿಟ್ರೆ ಸಾಕು, ಆಮೇಲೆ ಎಲ್ಲಿ ಬಿದ್ದು ಸತ್ರೂ ಪರವಾಗಿಲ್ಲ."

"ಕಿವಿ ಅವಳದು, ಕೈ ಅವಳದು. ಮಧ್ಯೆ ನಾನ್ಯಾರಪ್ಪ?"

"ಹೊಡೆಯೋವಷ್ಟೂ ಬೆಲೆ ಇಲ್ವಾ ನನಗೆ?"

ನಾನು ಟೀ ಕೊಟ್ಟೆ. ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು ಹೋದ. ಹುಡುಗಿ ಒಳಗೆ ಬಲಗಿವಿಯನ್ನು ಬಾಗಿಲ ಕಡೆಗಿಟ್ಟು ಮಲಗಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಅವನಿಗೆ ಅಷ್ಟು ಬೇಕು ಅಂತಲೇ ಕೊಡ್ತಿಲ್ಲ ಅತ್ತೆ," ಎಂದಳು. ಆಮೇಲೆ, "ರಕ್ತ ಹೋಗ್ತಿದೆಯಾ ಅವನಿಗೆ?" ಎಂದಳು.

"ಹೋಗ್ತಿದೆ."

ಅವಳು ಗೋಡೆಯ ಕಡೆ ತಿರುಗಿದಳು. ಈಗ ಕಿವುಡು ಕಿವಿ ನನ್ನ ಕಡೆ ಇತ್ತು. ನಾನು ದೀಪ ಆರಿಸಿದೆ.

ಅಷ್ಟರಲ್ಲಿ ಗಟ್ಟಿ ತೊಗಲಿನ ಹೊಸ ಮೂಟೆ ಬರುತ್ತದೆ ಎಂದು ಸುದ್ದಿಯಾಯಿತು. ಬಂದ ಮೇಲೆ ಮೇಸ್ತ್ರಿಗೆ ಕೆಲಸವಿಲ್ಲ. ಅಂಟಿನ ಶೆಡ್ಡಿಗೆ ಎರಡು ಸರದಿ ಉಳಿದಿದ್ದವು: ಈ ವಾರದ್ದು, ಬರುವ ವಾರದ್ದು.

ಈ ವಾರದ ಸರದಿಯಲ್ಲಿ ಮೇಡಂ ಯಾರಿಗೂ ಹೊಡೆಯಲು ಬಿಡಲಿಲ್ಲ. "ಅವರಿಗೆ ಹುಷಾರಿಲ್ಲ, ಎಲ್ಲರೂ ಹೋಗಿ," ಎಂದರು. ಮೇಸ್ತ್ರಿ ಕೇಳಲಿಲ್ಲ. ಅಂಗಿ ತೊಟ್ಟು ಕೋಣೆಯ ನಡುವೆ ಬಂದು ನಿಂತ. ತುಟಿ ನೀಲಿಯಾಗಿತ್ತು. ಹೊಡೆಯುವ ಆಸೆ ಯಾರಿಗೂ ಉಳಿದಿರಲಿಲ್ಲ. ಒಬ್ಬೊಬ್ಬರಾಗಿ ಅವನ ಪಕ್ಕದಿಂದ ತಲೆ ತಗ್ಗಿಸಿ ಹೋದರು. ಕೊನೆಗೆ ಹುಡುಗಿ ಬಂದಳು. ನಿಂತಳು. ಎಂದಿನಂತೆ ನೋಡಿದಳು. ಆಮೇಲೆ ಕೈ ಎತ್ತಿದಳು.

ಅವನು ಕಣ್ಣು ಮುಚ್ಚಿ ಎದೆ ಮುಂದೆ ತಂದ. ಆ ಮುಖದಲ್ಲಿದ್ದ ಸಮಾಧಾನವನ್ನು ನಾನು ಮೊದಲು ಕಂಡಿರಲಿಲ್ಲ.

ಹುಡುಗಿ ಹೊಡೆಯಲಿಲ್ಲ. ಬೆರಳಿನ ಬೆನ್ನನ್ನು ಅವನ ಎದೆಯ ಎಡಗಡೆ ಹಗುರಾಗಿ ಇಟ್ಟಳು. ಅಟ್ಟೆಯ ಮೇಲಿನ ಅಂಟನ್ನು ಮುಟ್ಟಿ ನೋಡುವ ಹಾಗೆ. ಒಂದು ಉಸಿರಿನಷ್ಟು ಹೊತ್ತು ಇಟ್ಟು ಕೈ ತೆಗೆದಳು. ಬೆರಳನ್ನು ನೋಡಿಕೊಂಡಳು.

"ಇನ್ನೂ ಒಣಗಿಲ್ಲ," ಎಂದಳು. ಹೊರಟು ಹೋದಳು.

ಅವನು ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದ. ಅವಳು ಬಾಗಿಲು ದಾಟಿದ ಮೇಲೆಯೂ ಕಾಯುತ್ತಿದ್ದ. "ಅವಳು ಎದೆ ಮುಟ್ಟಿ ನೋಡಿ ಹೋದಳು ಕಣೋ," ಎಂದು ನಾನೇ ಹೇಳಬೇಕಾಯಿತು.

ಅಂಗಿ ಬಿಚ್ಚಲು ನಾನು ಕೈ ಹಿಡಿದೆ. ಎಡಗೈ ಮೇಲೆ ಏಳಲಿಲ್ಲ. ಒಳಗೆ ಪಕ್ಕೆಯೆಲ್ಲ ಕಪ್ಪಗೆ ಊದಿತ್ತು, ಮುಟ್ಟಿದರೆ ಕುದಿಯುವ ಪಾತ್ರೆಯಷ್ಟು ಬಿಸಿ. ಅವನು ಬರುವ ವಾರದ ಸರದಿಯನ್ನು ಕಾಣಲಿಲ್ಲ. ಅದಕ್ಕೆ ಮೊದಲೇ ಆಸ್ಪತ್ರೆಯಲ್ಲಿ ತೀರಿಕೊಂಡ. ಹೊಟ್ಟೆಯೊಳಗೆಲ್ಲ ರಕ್ತ ತುಂಬಿತ್ತು ಎಂದರು ಡಾಕ್ಟರು. ಆದರೆ ಅಂಗಿ ಬಿಚ್ಚಿದ ಆ ಹೊತ್ತಿಗೆ ಅದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅವನು ಅಂಗಿಯನ್ನು ನನ್ನ ಮಡಿಲ ಮೇಲೆ ಹರಡಿ, ಹುಡುಗಿ ಬೆರಳಿಟ್ಟ ಚೌಕ ಯಾವುದೆಂದು ಕೇಳಿದ. ನಾನು ತೋರಿಸಿದ್ದನ್ನು, ಮೊದಲ ದಿನ ದಿಂಬನ್ನು ಒತ್ತಿದ ಹಾಗೆ ಹೆಬ್ಬೆರಳಿನಿಂದ ಒತ್ತಿ ನೋಡಿದ.

"ಅವಳು ಮುಟ್ಟಿದ್ದು ನನಗೆ ಗೊತ್ತೇ ಆಗಲಿಲ್ಲ ಅಕ್ಕ. ನಿಮ್ಮ ಹತ್ತಿ ಎಲ್ಲೂ ಒಂದೇ ಸಮ. ಬರೋ ವಾರಕ್ಕೆ ಈ ಒಂದು ಚೌಕ ಬಿಚ್ಚಿ, ಒಳಗಿರೋ ಹತ್ತಿ ತೆಗೆದುಬಿಡ್ತೀರಾ?"